ಲಾಕರ್ ಮನೆಯ ಆರ್ಡಿಸ್

ಆರ್ಡಿಸ್ ಟ್ವೇಟನ್ ಕಳ್ಳಬೇಟೆಯ ಜಿಂಕೆ ಕೊಯ್ದುಕೊಡುತ್ತಾಳೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ನಾನೊಬ್ಬನೇ ಅಲ್ಲ, ಎಲ್ಸ್‌ಬರ್ಗ್ ಎಂಬ ನಮ್ಮ ಊರಿಗೆ ಊರೇ ನಂಬಿತ್ತು. ನಂಬದೆ ಏನು ಮಾಡುವುದು? ನಮ್ಮಲ್ಲಿ ಜಿಂಕೆ ಹೊಡೆಯಲು ಅಪ್ಪಣೆ ಇರುವುದು ನವೆಂಬರಿನಲ್ಲಿ. ಆರ್ಡಿಸಳ ಮಾಂಸದಂಗಡಿಯ ಹಿಂಬಾಗಿಲಿಗೆ ಮಾತ್ರ ಹಿಮ ಕರಗುವ ಏಪ್ರಿಲಿನಲ್ಲಿ, ಸೊಳ್ಳೆ ಕಿತ್ತು ತಿನ್ನುವ ಜುಲೈಯಲ್ಲಿ, ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಗಂಡಸರು ಬರುತ್ತಿದ್ದರು. ಕಂಕುಳಲ್ಲಿ ಕಂಬಳಿ ಸುತ್ತಿದ ಉದ್ದನೆಯ ಗಂಟು. ಒಳಗೆ ಹೋಗಿ ಬರಿಗೈಯಲ್ಲಿ ಹೊರಬಂದು, ಯಾರ ಮುಖವನ್ನೂ ನೋಡದೆ ಪಿಕಪ್ ಹತ್ತಿ ಹೊರಟುಬಿಡುತ್ತಿದ್ದರು.

ನಮ್ಮೂರಿನ ಗಂಡಸು ನ್ಯಾಯವಾಗಿ ಜಿಂಕೆ ಹೊಡೆದರೆ ಅದನ್ನು ಗಾಡಿಯ ಹಿಂದೆ ಹಾಕಿಕೊಂಡು ಪೋಸ್ಟಾಫೀಸು, ಬ್ಯಾಂಕು, ಚರ್ಚು ಎಲ್ಲ ಸುತ್ತಿಸುತ್ತಾನೆ. ಗುಂಡು ಎಲ್ಲಿ ತಾಗಿತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ, ಹೇಳಲು ಯಾರೂ ಉಳಿಯದಿದ್ದಾಗ ಅಂಗಡಿಗೆ ತರುತ್ತಾನೆ. ಬಾಯಿ ಮುಚ್ಚಿಕೊಂಡು ಹಿಂಬಾಗಿಲಿಗೆ ಬಂದವನು ಕದ್ದೇ ಹೊಡೆದಿರಬೇಕು. ಗಂಟಿನಲ್ಲಿರುವುದು ತೊಡೆಯೋ ಮುಂಗಾಲೋ ಎಂಬುದಷ್ಟೇ ಕೆಫೆಯಲ್ಲಿ ಚರ್ಚೆಗೆ ಬರುತ್ತಿದ್ದ ವಿಷಯ.

ನಾನು ಈ ಊರಿನ ವಾರಪತ್ರಿಕೆಯ ಸಂಪಾದಕ. ವರದಿಗಾರ, ಫೋಟೋಗ್ರಾಫರ್, ಕಸ ಗುಡಿಸುವವನು ಎಲ್ಲ ನಾನೇ. ಇಷ್ಟು ದೊಡ್ಡ ಅಪರಾಧ ಕಣ್ಣೆದುರಿಗೆ ನಡೆಯುತ್ತಿದ್ದರೂ ಒಂದಕ್ಷರ ಬರೆಯಲಿಲ್ಲ. ಆರ್ಡಿಸ್ ಮಾಡುವ ಆಲೂಗಡ್ಡೆ ಸಾಸೇಜು ಅಂಥದ್ದು. ಪತ್ರಿಕಾಧರ್ಮಕ್ಕೂ ಒಂದು ಹೊಟ್ಟೆಯಿದೆ.

ಮಾಂಸದಂಗಡಿ ಎಂದೆ. ಊರಿನವರು ಅದನ್ನು ಕರೆಯುವುದು ಲಾಕರ್ ಮನೆ ಎಂದು. ಮನೆಮನೆಗೆ ಫ್ರಿಜ್ಜು ಬರುವ ಮುಂಚೆ, ಬ್ಯಾಂಕಿನಲ್ಲಿ ಒಡವೆ ಇಡುವ ಹಾಗೆ, ಒಂದೊಂದು ಸಂಸಾರವೂ ಇಲ್ಲಿ ಒಂದೊಂದು ಕಬ್ಬಿಣದ ಗೂಡನ್ನು ಬಾಡಿಗೆಗೆ ಹಿಡಿದು ತನ್ನ ಹಂದಿ, ದನ, ಜಿಂಕೆಯ ಮಾಂಸವನ್ನು ಇಡುತ್ತಿತ್ತು. ಅರ್ಧ ಹಂದಿ ಉದ್ದಕ್ಕೆ ಮಲಗುವಷ್ಟು ಆಳದ ಗೂಡುಗಳು. ಈಗ ಮುಂದಿನ ಕೋಣೆ ಮಾತ್ರ ತಣ್ಣಗಿದೆ. ಹಿಂದಿನ ಕೋಣೆಯ ಯಂತ್ರ ನಿಂತು ಎಷ್ಟೋ ಕಾಲವಾಯಿತು. ಗೂಡುಗಳೂ ಬೀಗಗಳೂ ಹಾಗೇ ಇವೆ.

ಆರ್ಡಿಸ್ ಅರವತ್ತು ದಾಟಿದ, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರದ ಹೆಂಗಸು. ರಬ್ಬರ್ ಏಪ್ರನ್ ಇಲ್ಲದೆ ಅವಳನ್ನು ನೋಡಿದವರಿಲ್ಲ. ಯಾಕೆ ಮದುವೆಯಾಗಲಿಲ್ಲ ಎಂದು ಹೊಸದಾಗಿ ಬಂದ ಪಾದ್ರಿಯೊಬ್ಬರು ಕೇಳಿದ್ದಕ್ಕೆ, "ಯಾರೂ ಕೇಳ್ಲಿಲ್ಲ. ಈಗ ನೀವು ಕೇಳ್ತಿದೀರಾ?" ಎಂದಿದ್ದಳಂತೆ. ಪಾದ್ರಿಗಳು ಕೊಂಡ ಮಾಂಸವನ್ನು ಅಲ್ಲೇ ಮರೆತು ಹೊರಟುಹೋದರು.

ಹಾಗೆ ನೇರವಾಗಿ ಮಾತನಾಡುವುದು ನಮ್ಮ ಸೀಮೆಯಲ್ಲಿ ಅಂಗವೈಕಲ್ಯಕ್ಕೆ ಸಮ. ನಾವು ಕೆನಡಾದ ಗಡಿಯಿಂದ ಒಂದು ಗಂಟೆ ದೂರದ ಬಯಲಿನ ಜನ. ನಮ್ಮಲ್ಲಿ ಮನೆಗೆ ಬೆಂಕಿ ಬಿದ್ದರೆ ಪಕ್ಕದವನು ಬಂದು, "ಸ್ವಲ್ಪ ಬೆಚ್ಚಗಿದೆ ಅಲ್ವಾ?" ಎನ್ನುತ್ತಾನೆ. ಮನೆಯವನು, "ಇದಕ್ಕಿಂತ ಕೆಟ್ಟದಾಗ್ಬಹುದಿತ್ತು ಬಿಡು" ಎನ್ನುತ್ತಾನೆ. ಆಮೇಲೆ ಇಬ್ಬರೂ ಬಕೆಟ್ಟು ಹುಡುಕುತ್ತಾರೆ.

ಹೋದ ವರ್ಷ ಬೇಟೆ ಇಲಾಖೆಗೆ ಹೊಸ ವಾರ್ಡನ್ ಬಂದ. ಹೆಸರು ಕರ್ಟಿಸ್ ಫೈಫ್ಲಿ. ಇದೇ ಊರಿನವನು, ಮಿಲೋ ಫೈಫ್ಲಿಯ ಒಬ್ಬನೇ ಮಗ. ಕಳ್ಳಬೇಟೆ ಹಿಡಿಯುವುದು ಅವನ ಕೆಲಸ. ಸೊಂಟದ ಪಟ್ಟಿಗೆ ಪಿಸ್ತೂಲು, ಟಾರ್ಚು, ಬೇಡಿ, ಚಾಕು ಎಂದು ಎಷ್ಟು ಸಾಮಾನು ನೇತುಹಾಕಿಕೊಂಡಿದ್ದನೆಂದರೆ ಕೂತರೆ ಏಳಲು, ಎದ್ದರೆ ಕೂರಲು ಯೋಚನೆ ಮಾಡಬೇಕಿತ್ತು. ಹೆಗಲ ಮೇಲೊಂದು ರೇಡಿಯೋ. ರಸ್ತೆಗೆ ಅಡ್ಡ ಒಂದು ಆಮೆ ಬಂದರೂ ಅದರ ಗುಂಡಿ ಒತ್ತಿ, ರಾಷ್ಟ್ರವನ್ನು ಉದ್ದೇಶಿಸಿ ಮಾತನಾಡುವವನ ಹಾಗೆ, ಆಮೆಯ ಬಣ್ಣ, ಗಾತ್ರ, ಹೊರಟಿರುವ ದಿಕ್ಕು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ.

ಕೇಳುವವರು ಇದ್ದರು ಅನ್ನಿ. ನಮ್ಮ ಅಡುಗೆಮನೆಗಳಲ್ಲಿ ಉಪ್ಪು ಇಲ್ಲದಿದ್ದರೂ ಸ್ಕ್ಯಾನರ್ ಇರುತ್ತದೆ. ಪೋಲೀಸು, ಆಂಬುಲೆನ್ಸು, ಬೆಂಕಿಗಾಡಿ, ವಾರ್ಡನ್ ಇವರೆಲ್ಲ ರೇಡಿಯೋದಲ್ಲಿ ಆಡುವ ಮಾತನ್ನು ಹಿಡಿದು ಕೇಳಿಸುವ ಪುಟ್ಟ ಪೆಟ್ಟಿಗೆ ಅದು. ಯಾರ ಮನೆಗೆ ಆಂಬುಲೆನ್ಸ್ ಹೊರಟಿದೆ ಎಂಬುದು ಆ ಮನೆಯವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಮಿಲೋ ಅಂತೂ ಮಗ ಕೆಲಸಕ್ಕೆ ಸೇರಿದ ದಿನದಿಂದ ಅದನ್ನು ಆರಿಸಿದ್ದೇ ಇಲ್ಲ. ಮಗನ ದನಿ ಬಂದರೆ, "ನಮ್ ಹುಡುಗ ಮಾತಾಡ್ತಿದಾನೆ, ಸ್ವಲ್ಪ ಸುಮ್ನಿರಿ" ಎಂದು ಬಂದವರ ಬಾಯಿ ಮುಚ್ಚಿಸುತ್ತಿದ್ದ.

ಈ ಭಾಗದಲ್ಲಿ ಹಾಲಿಗಾಗಿ ಹಸು ಸಾಕುತ್ತಿದ್ದವರಲ್ಲಿ ಮಿಲೋ ಕೊನೆಯವನು. ಮೊಣಕಾಲಿನ ಆಪರೇಷನ್ ಆದಮೇಲೆ ಕೊಟ್ಟಿಗೆಯಲ್ಲಿ ಕೂತು ಏಳಲು ಆಗದೆ ಈ ವರ್ಷದ ಫೆಬ್ರವರಿಯಲ್ಲಿ ಹಸುಗಳನ್ನೆಲ್ಲ ಮಾರಿದ. ಒಳ್ಳೆಯ ಕಡೆಗೇ ಹೋದವು. "ಹೇಗಿದೀಯ ಮಿಲೋ?" ಎಂದು ನಾನೇ ಕೇಳಿದ್ದೆ. "ಇದಕ್ಕಿಂತ ಕೆಟ್ಟದಾಗ್ಬಹುದಿತ್ತು" ಎಂದಿದ್ದ. ಚೆನ್ನಾಗಿದ್ದಾನೆ ಎಂದುಕೊಂಡು ಕಾಫಿ ಮುಗಿಸಿದೆ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ರಾಜ್ಯದ ಮಾನವ ಸೇವಾ ಇಲಾಖೆ ವಾರವಾರವೂ ಪತ್ರಿಕೆಗೆ ಪ್ರಕಟಣೆ ಕಳಿಸುತ್ತದೆ. ಜ್ವರದ ಚುಚ್ಚುಮದ್ದು ಎಲ್ಲಿ, ಚಳಿಗಾಲದ ಹೀಟರಿಗೆ ನೆರವು ಯಾರಿಗೆ, ಪರದೆಯ ಮೇಲೆ ಬರುವ ಡಾಕ್ಟರು ಯಾವ ಕ್ಲಿನಿಕ್ಕಿನಲ್ಲಿ, ಸಾಯಬೇಕು ಅನ್ನಿಸಿದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಅಂಥವರು ಎದುರಿಗಿದ್ದರೆ ಏನು ಕೇಳಬೇಕು, ಹೀಗೆ. ಟೈರ್ ಅಂಗಡಿಯ ಜಾಹೀರಾತಿನ ಕೆಳಗೆ ಜಾಗ ಖಾಲಿ ಉಳಿದರೆ ಆರನೇ ಪುಟದಲ್ಲಿ ಅದನ್ನು ತುರುಕುತ್ತಿದ್ದೆ. ಓದುತ್ತಿದ್ದೆನೇ? ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವವನು ಸಿಮೆಂಟನ್ನು ಓದುತ್ತಾನೆಯೇ?

ಮೇ ತಿಂಗಳ ಒಂದು ಬೆಳಿಗ್ಗೆ ಕರ್ಟಿಸ್ ನನ್ನ ಆಫೀಸಿಗೆ ಬಂದ.

"ಸಂಪಾದಕರೇ, ಕ್ಯಾಮೆರಾ ತಗೊಂಡು ಬನ್ನಿ. ಮುಖಪುಟಕ್ಕೆ ಸುದ್ದಿ ಕೊಡ್ತೀನಿ."

"ಏನಪ್ಪಾ ಅಂಥದ್ದು?"

"ಲಾಕರ್ ಮನೆ. ಇವತ್ತು ಒಡೀತೀನಿ. ನನ್ನ ಎಡಗಡೆಯಿಂದ ಫೋಟೋ ತೆಗೀರಿ, ಬ್ಯಾಡ್ಜ್ ಆ ಕಡೆ ಇದೆ."

ಸಾಸೇಜಿಗೆ ಮನಸ್ಸಿನಲ್ಲೇ ವಿದಾಯ ಹೇಳಿ ಹೊರಟೆ.

ಆರ್ಡಿಸ್ ಮಾಂಸ ಅರೆಯುವ ಯಂತ್ರದ ಮುಂದೆ ನಿಂತಿದ್ದಳು. "ಏನೋ ಕರ್ಟಿಸ್, ಸಾಸೇಜ್ ಬೇಕಿತ್ತಾ?"

"ಇವತ್ತು ನಾನು ಗಿರಾಕಿಯಾಗಿ ಬಂದಿಲ್ಲ, ಕಾನೂನಾಗಿ ಬಂದಿದೀನಿ."

"ಹಂಗಾ. ಕಾನೂನಿಗೆ ಸಾಸೇಜ್ ಬೇಕಾ?"

ಕರ್ಟಿಸ್ ಎದೆಯುಬ್ಬಿಸಿ, ಬೇಟೆಯ ಮಾಂಸ ಇಡುವ ಯಾವುದೇ ಕೋಲ್ಡ್ ಸ್ಟೋರೇಜನ್ನು ತಪಾಸಣೆ ಮಾಡುವ ತನ್ನ ಅಧಿಕಾರದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದ. ಆರ್ಡಿಸ್ ಯಂತ್ರ ನಿಲ್ಲಿಸಲಿಲ್ಲ. ಆದ್ದರಿಂದ ಅವನು ಕಿರುಚಬೇಕಾಯಿತು.

"ಮುಂದಿನ ಕೋಣೆ ಎಷ್ಟು ಬೇಕಾದ್ರೂ ನೋಡ್ಕೋ" ಎಂದಳು. "ಹಿಂದಿನ ಕೋಣೇಲಿ ಜಿಂಕೆ ಇಲ್ಲ."

"ಇಲ್ದಿದ್ರೆ ತೋರ್ಸೋಕೇನು ಕಷ್ಟ?"

"ಜಿಂಕೆ ಇಲ್ಲ ಅಂದೆ. ಏನೂ ಇಲ್ಲ ಅನ್ಲಿಲ್ಲ. ಬೇಡ ಕಣೋ. ಹೇಳ್ತಿದೀನಿ ಕೇಳು."

ಇಷ್ಟು ಸಿಕ್ಕರೆ ಯಾವ ಅಧಿಕಾರಿ ಬಿಟ್ಟಾನು? ಬೀಗ ಕತ್ತರಿಸುವ ದೊಡ್ಡ ಕತ್ತರಿ ತಂದೇ ಇದ್ದ. ಹಿಂದಿನ ಕೋಣೆಯ ಒಂದು ಗೂಡಿನ ಬೀಗ ತುಂಡಾಯಿತು. ಪಕ್ಕದ್ದು. ಅದರ ಪಕ್ಕದ್ದು. ಒಳಗೆ ಕಂಬಳಿಯ ಗಂಟುಗಳು. ಅವನ್ನು ಹೊತ್ತು ಯಂತ್ರದ ಪಕ್ಕದ ಮೇಜಿನ ಹತ್ತಿರ ತಂದ. ಕರ್ಟಿಸ್ ನನ್ನ ಕಡೆ ತಿರುಗಿ, ಕ್ಯಾಮೆರಾ ಸಿದ್ಧವಾಗಿದೆಯೇ ಎಂದು ನೋಡಿ, ಮೊದಲ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದ.

ಬಂದೂಕು.

ನನ್ನ ಬೆರಳು ಕ್ಯಾಮೆರಾದ ಮೇಲೆ ಹಾಗೇ ನಿಂತಿತು. ಎರಡನೆಯ ಗಂಟಿನಲ್ಲೂ ಬಂದೂಕು. ಮಾಂಸದ ಪೊಟ್ಟಣಕ್ಕೆ ಹಚ್ಚುವ ಅದೇ ಬಿಳಿ ಟೇಪು, ಅದೇ ದಪ್ಪ ಕಪ್ಪು ಅಕ್ಷರದಲ್ಲಿ ಹೆಸರು. ಕರ್ಟಿಸ್ ಒಂದು ಕ್ಷಣ ಪೆಚ್ಚಾದ. ಮರುಕ್ಷಣ ಜಿಂಕೆಗಿಂತ ದೊಡ್ಡದೇ ಸಿಕ್ಕಿತೆಂದು ಅವನ ಮುಖ ಅರಳಿತು. ಹೆಗಲ ರೇಡಿಯೋದ ಗುಂಡಿ ಒತ್ತಿದ.

"ಕಂಟ್ರೋಲ್, ಟ್ವೇಟನ್ ಲಾಕರ್ ಮನೆಯಲ್ಲಿ ಬಂದೂಕುಗಳ ದಾಸ್ತಾನು ಪತ್ತೆಯಾಗಿದೆ. ಕದ್ದ ಮಾಲು ಇರಬಹುದು. ವಾರಸುದಾರರ ಹೆಸರು ಹೇಳ್ತೀನಿ, ಬರ್ಕೊಳ್ಳಿ. ವಾಪಸ್ ಮುಟ್ಟಿಸ್ಬೇಕು."

"ಗುಂಡಿ ಬಿಡೋ!" ಆರ್ಡಿಸ್ ಕೂಗಿದಳು. ಅವಳು ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕರ್ಟಿಸ್ ಅವಳಿಗೆ ಅಂಗೈ ತೋರಿಸಿ ತಡೆದು ಓದತೊಡಗಿದ. "ಡಿ. ರೌಶ್."

ಡೆಲ್ಮರ್ ರೌಶ್? ಕೆಫೆಯಲ್ಲಿ ದಿನಾ ನನ್ನ ಎದುರಿಗೆ ಕೂತು, ಕಾಫಿ ಮೂಗಿಗೆ ಹತ್ತುವ ಹಾಗೆ ನಗಿಸುವ ಡೆಲ್ಮರ್? ಅವನ ಬಂದೂಕು ಇಲ್ಲಿ ಯಾಕೆ?

"ಟಿ. ಸ್ಕೋಗನ್." ಮೂರನೆಯ ಗಂಟಿನ ಬಟ್ಟೆ ಸರಿಸಿ ಟೇಪು ಹುಡುಕಿದ. ಓದುವ ಭರದಲ್ಲಿ ಬಾಯಿ ಕಣ್ಣಿಗಿಂತ ಮುಂದಿತ್ತು. "ಎಂ. ಫೈಫ್ಲಿ."

ಹೇಳಿದ ಮೇಲೆ ಕೇಳಿಸಿಕೊಂಡ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಎಷ್ಟು ಹೊತ್ತೆಂದರೆ ಅರೆಯುವ ಯಂತ್ರದ ಗುರ್ ಸದ್ದು ತಾಲ್ಲೂಕಿನ ಅಷ್ಟೂ ಅಡುಗೆಮನೆಗಳಿಗೆ ತಲುಪುವಷ್ಟು. ಕೊನೆಗೂ ಬೆರಳು ಸಡಿಲಿದಾಗ ಆ ಕಡೆಯಿಂದ ಕಂಟ್ರೋಲಿನ ಹೆಂಗಸಿನ ದನಿ ಬಂತು. "ಕರ್ಟಿಸ್, ನಿಲ್ಸಪ್ಪಾ. ಎಲ್ರೂ ಕೇಳಿಸ್ಕೋತಿದಾರೆ."

ಅವನು ಬಂದೂಕನ್ನು ನೋಡುತ್ತಿರಲಿಲ್ಲ. ಅದಕ್ಕೆ ಸುತ್ತಿದ್ದ ಕೌದಿಯನ್ನು ಹಿಡಿದುಕೊಂಡಿದ್ದ. "ಇದು ನಮ್ಮಮ್ಮ ಹೊಲಿದಿದ್ದು" ಎಂದ. "ಅಪ್ಪ ಬಂದೂಕನ್ನ ರಿಪೇರಿಗೆ ಕೊಟ್ಟಿದೀನಿ ಅಂದಿದ್ರು."

ಆರ್ಡಿಸ್ ಯಂತ್ರ ನಿಲ್ಲಿಸಿದಳು. ಸದ್ದು ನಿಂತ ಆ ಕೋಣೆಯಲ್ಲಿ ಅವಳ ಮಾತು ದೊಡ್ಡದಾಗಿ ಕೇಳಿಸಿತು. "ನಿಮ್ಮಪ್ಪನಿಗೆ ತನ್ನ ಮೇಲೇ ಭಯ ಆಗಿತ್ತು. ಮನೇಲಿರೋದು ಬೇಡ ಅಂತ ತಾನೇ ತಂದುಕೊಟ್ಟ. ಇಲ್ಲಿರೋದೆಲ್ಲ ಹಂಗೇ ಬಂದಿದ್ದು. ಮನಸ್ಸು ಸರಿ ಇಲ್ದಾಗ ತಂದಿಡ್ತಾರೆ, ಸರಿಯಾದ್ಮೇಲೆ ಒಯ್ತಾರೆ."

"ಅಪ್ಪ ಅಂಥೋರಲ್ಲ."

"ಯಾರೂ ಅಂಥೋರಲ್ಲ ಕಣಪ್ಪಾ."

ನನ್ನ ತಲೆಯಲ್ಲಿ ಆ ಉದ್ದನೆಯ ಗಂಟುಗಳೆಲ್ಲ ಒಂದೊಂದಾಗಿ ಹಿಂಬಾಗಿಲಿಗೆ ನಡೆದುಬಂದವು. ಏಪ್ರಿಲಿನದು, ಜುಲೈಯದು. ತೊಡೆಯೋ ಮುಂಗಾಲೋ ಎಂದು ನಾವು ಕೆಫೆಯಲ್ಲಿ ನಕ್ಕಿದ್ದು. ಮಾಂಸ ಕಡಿಯುವ ಮರದ ದಿಮ್ಮಿಯ ಮೇಲೆ ಕೂತೆ.

ಕರ್ಟಿಸ್ ಅಪ್ಪನ ಮನೆಗೆ ಫೋನ್ ಮಾಡಿದ. ರಿಂಗಾಯಿತು, ಆಗುತ್ತಲೇ ಇತ್ತು.

"ಸ್ಕ್ಯಾನರ್ ಹಾಕ್ಕೊಂಡೇ ಇರ್ತಾನೆ ಅವನು" ಎಂದಳು ಆರ್ಡಿಸ್. ಏಪ್ರನ್ ಬಿಚ್ಚಿ ಕೊಕ್ಕೆಗೆ ಹಾಕಿದಳು. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. "ನಡೀರಿ. ಬಂದೂಕೇನೋ ನನ್ ಹತ್ರ ಇದೆ. ಮನುಷ್ಯ ಅಲ್ಲಿದಾನಲ್ಲ."

"ನಾನೂ ಬರ್ಬೇಕಾ?" ಎಂದೆ.

"ನಿಮ್ ಹತ್ರ ಫೋನ್ ಇದೆಯಲ್ಲ ಸಂಪಾದಕ್ರೇ. ಕ್ಯಾಮೆರಾ ಇಲ್ಲೇ ಬಿಸಾಕಿ."

ಮೂವರೂ ಕರ್ಟಿಸನ ಪಿಕಪ್ಪಿನಲ್ಲಿ ಒತ್ತಿಕೊಂಡು ಕೂತೆವು. ಅವನ ಕೈ ಅಭ್ಯಾಸಬಲದಿಂದ ಸೈರನ್ನಿಗೆ ಹೋಯಿತು.

"ಅದನ್ನ ಹಾಕಿದ್ರೆ ಇಲ್ಲೇ ಇಳಿದುಬಿಡ್ತೀನಿ" ಎಂದಳು ಆರ್ಡಿಸ್.

ಮಣ್ಣಿನ ರಸ್ತೆಯ ಧೂಳು ಹಿಂದೆ ಗೋಡೆಯಂತೆ ಏಳುತ್ತಿತ್ತು. ಕರ್ಟಿಸ್ ರಸ್ತೆಗೆ ಹೇಳುವವನ ಹಾಗೆ ಹೇಳಿದ: "ಭಾನುವಾರ ಊಟಕ್ಕೆ ಹೋಗಿದ್ದೆ. ಏನೂ ಹೇಳ್ಲಿಲ್ಲ."

"ನೀನು ಕೇಳಿದ್ಯಾ?"

"ಮಳೆ ಬಗ್ಗೆ ಮಾತಾಡಿದ್ವಿ."

"ಗುರುವಾರ ಕ್ಲಿನಿಕ್ಕಿಗೆ ಬರ್ತೀನಿ ಅಂತ 'ಹೂಂ' ಅಂದಿದ್ದ. ನಾನೇ ಕರ್ಕೊಂಡು ಹೋಗ್ಬೇಕಿತ್ತು" ಎಂದಳು ಆರ್ಡಿಸ್. "ಒಂದೇ ಒಂದು ಮಾತು ಕೇಳ್ಕೊಂಡಿದ್ದ. ನನ್ ಮಗನಿಗೆ ಮಾತ್ರ ಗೊತ್ತಾಗ್ಬಾರ್ದು ಅಂತ."

ಕರ್ಟಿಸ್ ಆಕ್ಸಿಲರೇಟರ್ ಇನ್ನಷ್ಟು ಒತ್ತಿದ.

ಮನೆಯ ಬಾಗಿಲು ತೆರೆದಿತ್ತು. ಮಿಲೋನ ಹೆಂಡತಿ ಡೊರೀನ್ ವೃದ್ಧಾಶ್ರಮದ ಅಡುಗೆ ಕೆಲಸಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ಸ್ಕ್ಯಾನರ್ ತನ್ನಷ್ಟಕ್ಕೆ ಗೊಣಗುತ್ತಿತ್ತು. ಮೇಜಿನ ಮೇಲೆ ಕಾಫಿ. ಆರ್ಡಿಸ್ ಬಟ್ಟಲನ್ನು ಮುಟ್ಟಿ ನೋಡಿದಳು, ಇನ್ನೂ ಬೆಚ್ಚಗಿತ್ತು. ಕುರ್ಚಿ ಹಿಂದಕ್ಕೆ ಬಿದ್ದಿತ್ತು.

"ಅಪ್ಪಾ!" ಕರ್ಟಿಸ್ ಕೋಣೆಯಿಂದ ಕೋಣೆಗೆ ಓಡಿದ. ಸೊಂಟದ ಸಾಮಾನೆಲ್ಲ ಬಾಗಿಲುಗಳಿಗೆ ಬಡಿದು ಗಲಗಲ ಸದ್ದು ಮಾಡುತ್ತಿತ್ತು. ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಅವನ ಮುಖ ನೋಡಿದವನು ನಾನೊಬ್ಬನೇ. ಅದನ್ನು ವರ್ಣಿಸುವುದಿಲ್ಲ.

ಆರ್ಡಿಸ್ ಆಗಲೇ ಕೊಟ್ಟಿಗೆಯ ಕಡೆ ದಾಪುಗಾಲು ಹಾಕಿದ್ದಳು.

ಮಿಲೋ ಅಲ್ಲಿದ್ದ. ಖಾಲಿ ಕೊಟ್ಟಿಗೆಯ ನಡುವೆ, ಹಸು ಕಟ್ಟುವ ಕಬ್ಬಿಣದ ಸರಳು ಹಿಡಿದು ಸುಮ್ಮನೆ ನಿಂತಿದ್ದ. ಕರ್ಟಿಸ್ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅಪ್ಪಾ" ಎಂದ ಕರ್ಟಿಸ್. "ಗಾಳಿ ಜೋರಾಗಿದೆ ಇವತ್ತು."

"ಹೂಂ" ಎಂದ ಮಿಲೋ. "ವಾಯವ್ಯದ್ದು."

ನಗಬೇಡಿ. ನನ್ನ ನಾಲಿಗೆಯ ಮೇಲೂ ಗಾಳಿಯೇ ಇತ್ತು. ಬಿಟ್ಟಿದ್ದರೆ ಮೂವರೂ ಸೇರಿ ಸಂಜೆಯ ತನಕ ಗಾಳಿಯ ದಿಕ್ಕು ಚರ್ಚಿಸಿ, ಆ ಮನುಷ್ಯನನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದೆವು.

ಆರ್ಡಿಸ್ ಒಂದು ಬಕೆಟ್ಟು ಬೋರಲು ಹಾಕಿ ಅವನೆದುರು ಕೂತಳು. "ಮಿಲೋ, ಸಾಯ್ಬೇಕು ಅನ್ನಿಸ್ತಿದ್ಯಾ?"

ಆ ಕೊಟ್ಟಿಗೆಯಲ್ಲಿ ಬೈಗುಳ ಕೇಳಿದ್ದೇನೆ, ಕರು ಸತ್ತಾಗ ಅಳು ಕೇಳಿದ್ದೇನೆ. ಇಂಥ ಪ್ರಶ್ನೆಯನ್ನು ಒಬ್ಬ ಮನುಷ್ಯ ಇನ್ನೊಬ್ಬನ ಮುಖ ನೋಡಿ ಕೇಳಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. "ಆರ್ಡಿಸ್!" ಎಂದ ಕರ್ಟಿಸ್, ಚರ್ಚಿನಲ್ಲಿ ಯಾರೋ ಉಗುಳಿದ ಹಾಗೆ. ಅವಳು ತಿರುಗಲಿಲ್ಲ. ಮಿಲೋನನ್ನೇ ನೋಡುತ್ತಿದ್ದಳು. ಉತ್ತರ ಬರುವವರೆಗೆ ನವೆಂಬರಿನ ತನಕ ಬೇಕಾದರೂ ಕೂರುವವಳ ಹಾಗೆ.

"ಬೆಳಿಗ್ಗೆ ಪರವಾಗಿರ್ಲಿಲ್ಲ" ಎಂದ ಮಿಲೋ. ಸರಳಿನ ತುಕ್ಕನ್ನು ಉಗುರಿನಿಂದ ಕೆರೆದ. "ರೇಡಿಯೋ ಕೇಳಿದ್ಮೇಲೆ... ಹೂಂ. ಅನ್ನಿಸ್ತಿದೆ."

"ಅದಕ್ಕೇ ಬಂದ್ಯಾ ಇಲ್ಲಿಗೆ?"

"ಗೊತ್ತಿಲ್ಲ ಕಣೆ. ಕಾಲು ಕರ್ಕೊಂಡು ಬಂತು. ಅದಕ್ಕೆ ಬೇರೆ ದಾರಿ ಗೊತ್ತಿಲ್ಲ."

"ಸರಿ. ಹೇಳಿದ್ದು ಒಳ್ಳೇದಾಯ್ತು. ನಾವು ಇಲ್ಲೇ ಇರ್ತೀವಿ, ಎಲ್ಲೂ ಹೋಗಲ್ಲ." ಹಿಂದೆ ತಿರುಗದೆಯೇ, "ಕರ್ಟಿಸ್, ಆ ಪಟ್ಟಿ ಬಿಚ್ಚಿ ಗಾಡೀಲಿ ಹಾಕಿ ಬೀಗ ಹಾಕ್ಕೊಂಡು ಬಾ" ಎಂದಳು.

ಕರ್ಟಿಸ್ ತನ್ನ ಸೊಂಟ ನೋಡಿಕೊಂಡ. ಪಿಸ್ತೂಲನ್ನು ಕಟ್ಟಿಕೊಂಡೇ ಕೊಟ್ಟಿಗೆಯೊಳಗೆ ಬಂದಿದ್ದ. ಓಡಿಹೋಗಿ, ಪಟ್ಟಿಯಿಲ್ಲದೆ ತಿರುಗಿ ಬಂದಾಗ ಅರ್ಧಕ್ಕರ್ಧ ಸಣ್ಣಗಾಗಿದ್ದ. ಅಪ್ಪನ ಪಕ್ಕ ನೆಲದ ಮೇಲೆ ಕೂತ. ಯೋಚನೆ ಮಾಡದೆ ಕೂತ.

"ಸಂಪಾದಕ್ರೇ, ಫೋನ್ ಮಾಡಿ."

"ಯಾರಿಗೆ?"

"ಅಯ್ಯೋ ಮಾರಾಯ್ರೇ! ವಾರವಾರ ನೀವೇ ಅಚ್ಚು ಹಾಕ್ತೀರಲ್ಲ, ಆ ನಂಬರಿಗೆ!"

ನನಗೆ ನೆನಪಿಗೆ ಬಂದದ್ದು ಟೈರ್ ಅಂಗಡಿಯ ನಂಬರು.

"ಮೂರೇ ಅಂಕಿ ಕಣ್ರೀ! ಒಂಬತ್ತು, ಎಂಟು, ಎಂಟು!"

ಒತ್ತಿದೆ. ಒಬ್ಬ ಹೆಂಗಸಿನ ದನಿ ಬಂತು, ವಯಸ್ಸು ಹೆಚ್ಚಿಲ್ಲ. ಫೋನನ್ನು ಮಿಲೋನ ಕೈಗೆ ಕೊಟ್ಟೆ. ಮೊದಲು ಬರೀ "ಹೂಂ", "ಇಲ್ಲ". ಆಮೇಲೆ ಅವಳು ಹಸುಗಳ ಹೆಸರು ಕೇಳಿದಳೆಂದು ಕಾಣುತ್ತದೆ. ಮಿಲೋ ಬಾಗಿಲ ಕಡೆಯ ಮೊದಲ ಕಟ್ಟಿನಿಂದ ಶುರು ಮಾಡಿ, ಖಾಲಿ ಸರಳುಗಳ ಮೇಲೆ ಒಂದೊಂದಾಗಿ ಕೈಯಿಟ್ಟು, ಅಲ್ಲಿದ್ದ ಹಸುವಿನ ಹೆಸರು, ಅದರ ಹಟ, ಅದು ಒದ್ದ ಕಥೆ ಹೇಳುತ್ತ ಕೊಟ್ಟಿಗೆಯ ಆ ತುದಿಯವರೆಗೆ ನಡೆದ. ಕುಂಟುತ್ತ ನಡೆದ. ಕೊನೆಯ ಹಸುವಿನ ಹತ್ತಿರ ದನಿ ಒಡೆಯಿತು. ಆರ್ಡಿಸ್ ಎದ್ದು ಹೋಗಿ ಅವನ ಪಕ್ಕ ನಿಂತಳು.

ತುಂಬ ಹೊತ್ತಾದ ಮೇಲೆ ಮಿಲೋ ತಿರುಗಿ ಬಂದು ಫೋನು ವಾಪಸು ಕೊಡುತ್ತ, "ನಿನ್ ಬ್ಯಾಟರಿ ಎಲ್ಲ ಮುಗಿಸ್ಬಿಟ್ಟೆ" ಎಂದ. ಆಮೇಲೆ ಮಗನ ಕಡೆ ತಿರುಗಿದ. "ರೇಡಿಯೋದಲ್ಲಿ ನಿನ್ ಮಾತು ಭಾರಿ ಸ್ಪಷ್ಟವಾಗಿ ಬರತ್ತೆ ಕಣೋ."

ಕರ್ಟಿಸ್ ಅಪ್ಪನ ಆಪರೇಷನ್ ಆದ ಮೊಣಕಾಲಿಗೇ ತಲೆಯಿಟ್ಟು ಅಳತೊಡಗಿದ. "ನನಗ್ಯಾಕಪ್ಪಾ ಹೇಳ್ಲಿಲ್ಲ?"

"ನೀನು ಮಳೆ ವಿಷ್ಯ ಕೇಳ್ದೆ. ಮಳೆ ವಿಷ್ಯ ಹೇಳ್ದೆ."

ಗುರುವಾರದ ತನಕ ಕಾಯಲಿಲ್ಲ. ಅವತ್ತೇ ಕ್ಲಿನಿಕ್ಕಿಗೆ ಹೋದೆವು. ಡೊರೀನ್ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅಲ್ಲಿಗೆ ಓಡಿಬಂದಳು. ಪರದೆಯ ಮೇಲೆ ಬಂದ ಡಾಕ್ಟರು ಆರ್ಡಿಸ್ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಮಿಲೋ ಈ ಸಲ ಬೇಗ ಉತ್ತರಿಸಿದ.

ಇನ್ನು ಊರಿನ ಕಥೆ. ಇಂಥ ಸುದ್ದಿ ಕೇಳಿದರೆ ಏನು ಮಾಡಬೇಕೆಂದು ನಮ್ಮವರಿಗೆ ತಿಳಿಯದು. ಸಾವಾದ ಮನೆಗೆ ಏನು ಮಾಡಬೇಕೆಂದು ಮಾತ್ರ ತಿಳಿದಿದೆ. ಆಲೂಗಡ್ಡೆ, ಮಾಂಸ, ಅಣಬೆಯ ಗಟ್ಟಿ ಸಾರು ಎಲ್ಲ ಕಲಸಿ ಬೇಯಿಸಿದ ಅಡುಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ತಂದು ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟದೆ ಓಡಿಹೋಗುವುದು. ಸಂಜೆ ಮಿಲೋ ಮನೆಗೆ ಬಂದರೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಸಾಲಾಗಿ ಪಾತ್ರೆಗಳು.

"ನಾನಿನ್ನೂ ಸತ್ತಿಲ್ಲ ಅಂತ ಯಾರೂ ಹೇಳ್ಲಿಲ್ವಾ ಇವ್ರಿಗೆ?" ಎಂದ ಮಿಲೋ. ಡೊರೀನ್ ಅಳುತ್ತಿದ್ದವಳು ನಕ್ಕುಬಿಟ್ಟಳು.

ಮಾರನೆಯ ದಿನ ಡೆಲ್ಮರ್ ರೌಶ್ ಎಂದಿನಂತೆ ಕೆಫೆಗೆ ಬಂದ. ಚಮಚದ ಸದ್ದೂ ನಿಂತಿತು. ಅವನು ಕೂತು, ಟೋಪಿ ತೆಗೆದು, "ಏನ್ರೋ, ತೊಡೆ ಅಂದ್ಕೊಂಡಿದ್ರಾ, ಮುಂಗಾಲು ಅಂದ್ಕೊಂಡಿದ್ರಾ?" ಎಂದ. ಯಾರಿಗೂ ನಗು ಬರಲಿಲ್ಲ. "ಹೋದ್ ವರ್ಷದ ಮಾತದು. ಈಗ ಪರವಾಗಿಲ್ಲ, ಬಂದೂಕು ಒಯ್ಯೋದೊಂದು ಬಾಕಿ" ಎಂದು ಅವನೇ ಸಮಾಧಾನ ಹೇಳಿದ. ಸ್ಕೋಗನ್ ಹಾಗಲ್ಲ. ಬಂದು ಮೇಜು ಗುದ್ದಿ ಬಂದೂಕು ತೆಗೆದುಕೊಂಡು ಹೋದ. ಕರ್ಟಿಸನ ಜೊತೆ ಇವತ್ತಿಗೂ ಮಾತಿಲ್ಲ. ಆರ್ಡಿಸ್ ವಾರಕ್ಕೊಮ್ಮೆ ಸಾಸೇಜು ಹಿಡಿದು ಸ್ಕೋಗನ್‌ನ ಬಾಗಿಲು ತಟ್ಟುತ್ತಾಳೆ. ಅವನು ಬಾಗಿಲು ಹಾಕುವ ಮುಂಚೆ ಅದೇ ಪ್ರಶ್ನೆ ಕೇಳಿಬಿಡುತ್ತಾಳೆ. ಕರ್ಟಿಸ್ ಕತ್ತರಿಸಿದ ಬೀಗಗಳ ಜಾಗಕ್ಕೆ ತಾನೇ ಹೊಸ ಬೀಗ ತಂದು ಹಾಕಿದ. ಫೋಟೋ ಬೇಡ ಎಂದ.

ಸುದ್ದಿ ರಾಜಧಾನಿಗೂ ಮುಟ್ಟಿ, ಮಾನವ ಸೇವಾ ಇಲಾಖೆಯಿಂದ ಟೈ ಕಟ್ಟಿದ ಒಬ್ಬರು ಬಂದು ಲಾಕರ್ ಮನೆಯನ್ನು ನಾಲ್ಕೂ ಕಡೆಯಿಂದ ಮೆಚ್ಚಿಕೊಂಡರು.

"ಅದ್ಭುತ! ಈ ಕಾರ್ಯಕ್ರಮದ ಹೆಸರೇನು ಮೇಡಂ?"

"ಹಿಂದಿನ ಕೋಣೆ" ಎಂದಳು ಆರ್ಡಿಸ್.

"ಇದರ ಮೂಲ ಪರಿಕಲ್ಪನೆ ಹೇಗೆ ಹೊಳೀತು?"

"ಒಬ್ಬಳು ಅರ್ಧ ಹಂದಿ ತಂದ್ಲು. ಜೊತೆಗೆ ಗಂಡನ ಬಂದೂಕು ತಂದ್ಲು. ಇದನ್ನೂ ಇಟ್ಕೋ ಆರ್ಡಿಸ್, ಮನೇಲಿ ಅವ್ರು ಸರಿ ಇಲ್ಲ ಅಂದ್ಲು. ಇಟ್ಕೊಂಡೆ." ಪ್ರಶ್ನೆ ಕೇಳುವುದನ್ನು ಎಲ್ಲಿ ಕಲಿತಿರಿ ಎಂದಾಗ, "ನಿಮ್ಮೋರೇ ಚರ್ಚಿನ ನೆಲಮಾಳಿಗೇಲಿ ಒಂದಿನ ಪಾಠ ಮಾಡಿದ್ರಲ್ಲ. ಕಾಫಿ ಇದೆ ಅಂತ ಹೋಗಿದ್ದೆ" ಎಂದಳು. ಅವರು ಸಾಸೇಜು ಕಟ್ಟಿಸಿಕೊಂಡು ಹೋದರು.

ಮಿಲೋ ಪೂರ್ತಿ ಸರಿಹೋದ ಎಂದು ಬರೆದು ಮುಗಿಸಲು ನನಗೆ ಆಸೆ. ಆರ್ಡಿಸ್ ಬಿಡುವುದಿಲ್ಲ. ಔಷಧಿ ತೆಗೆದುಕೊಳ್ಳುತ್ತಾನೆ, ಪರದೆಯ ಡಾಕ್ಟರ ಹತ್ತಿರ ಮಾತನಾಡುತ್ತಾನೆ. ಒಳ್ಳೆಯ ದಿನಗಳಿವೆ, ಅಲ್ಲದವೂ ಇವೆ. ಹೋದ ವಾರ ನಾನು ಸಾಸೇಜಿಗೆ ನಿಂತಿದ್ದಾಗ ಅವನು ಮುಂಬಾಗಿಲಿನಿಂದಲೇ ಬಂದ. ಅಂಗಡಿಯಲ್ಲಿ ಜನರಿದ್ದರು.

"ಬಂದೂಕು ಒಯ್ಯೋಣ ಅಂತ ಬಂದೆ ಆರ್ಡಿಸ್. ಬೇಟೆ ಕಾಲ ಬಂತಲ್ಲ."

ಆರ್ಡಿಸ್ ಚಾಕು ಕೆಳಗಿಟ್ಟಳು. "ಸಾಯ್ಬೇಕು ಅನ್ನಿಸ್ತಿದ್ಯಾ ಮಿಲೋ?"

ಅಷ್ಟು ಜನರ ಮುಂದೆ! ನಾನು ಸಾಸೇಜಿನ ತೂಕ ನೋಡುತ್ತಿರುವವನಂತೆ ತಕ್ಕಡಿಯ ಮೇಲೆ ಬಗ್ಗಿದೆ. ಉಳಿದವರು ಛಾವಣಿ ನೋಡಿದರು. ಮಿಲೋ ಮಾತ್ರ ಯಾರಾದರೂ ಹಾಲಿನ ದರ ಕೇಳಿದರೆ ಯೋಚಿಸುವ ಹಾಗೆ ಯೋಚಿಸಿದ.

"ಇವತ್ತಿಲ್ಲ. ಮೊನ್ನೆ ಇತ್ತು."

"ಹಂಗಾದ್ರೆ?"

"ಇಲ್ಲೇ ಇರ್ಲಿ ಬಿಡು" ಎಂದು, ಒಂದು ಕಟ್ಟು ಸಾಸೇಜು ತೆಗೆದುಕೊಂಡು ಹೋದ.

ಬಾಗಿಲು ಹಾಕಿಕೊಂಡಿತು. ನನಗೆ ತಡೆಯಲಾಗಲಿಲ್ಲ. "ಏನ್ ಆರ್ಡಿಸ್, ಎಲ್ಲರೆದುರು ಹಂಗೆ ಮುಖದ ಮೇಲೆ ಹೊಡೆದಂಗೆ ಕೇಳ್ತೀಯಲ್ಲ, ಒಂದಿನ ಅವನಿಗೆ ಬೇಜಾರಾಗ್ಬಿಟ್ರೆ?"

"ಆಗ್ಲಿ ಬಿಡಿ" ಎಂದಳು ಆರ್ಡಿಸ್, ಚಾಕು ಕೈಗೆತ್ತಿಕೊಳ್ಳುತ್ತ. "ಬೇಜಾರ್ ಮಾಡ್ಕೊಳ್ಳೋಕೆ ಅವನು ಬದುಕಿರ್ಬೇಕಲ್ಲ."